ಅಮೃತಬಳ್ಳಿಯ ಸಕ್ಕರೆ ಸರಪಳಿ: ರಚನೆ ಬರೆದರೆ ಔಷಧ ಸಾಬೀತಾಯಿತೇ?

ಅಮೃತಬಳ್ಳಿಗೆ ಈಗ ಎರಡು ಬಗೆಯ ಭಕ್ತರು. ಹಳಬರು ಚಿತ್ರದುರ್ಗದ ಚಂದ್ರವಳ್ಳಿ, ಜೋಗಿಮಟ್ಟಿ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯೇ ಆಗಬೇಕೆಂದು ಪಟ್ಟು ಹಿಡಿದು ಹುಡುಕುತ್ತಾರೆ. ಬೆರಳು ದಪ್ಪದ ಕಾಂಡ ಕೊಯ್ದು, ಮೇಲಿನ ಸಿಪ್ಪೆ ಕೆರೆದು, ಜಜ್ಜಿ, ಜ್ವರಕ್ಕೆ ಕಷಾಯ ಇಡುತ್ತಾರೆ. ಕುಡಿದವರ ಮುಖ ಕಹಿಗೆ ಕಿವುಚಿದರೆ ಮದ್ದು ಸರಿಯಾಗಿದೆ ಎನ್ನುತ್ತಾರೆ. ಹೊಸಬರು 2020ರ ಕೊರೊನಾ ಕಾಲದಲ್ಲಿ ಹುಟ್ಟಿದವರು. ಇವರ ಕೈಯಲ್ಲಿ ಬಳ್ಳಿಯ ಬದಲು ಡಬ್ಬಿ ಇರುತ್ತದೆ, ಬಾಯಲ್ಲಿ ಒಂದು ವಾಕ್ಯ ಇರುತ್ತದೆ: ‘ಇದರಲ್ಲಿರುವ ಪಾಲಿಸ್ಯಾಕರೈಡ್ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ಅದರ ರಾಸಾಯನಿಕ ರಚನೆಯನ್ನೂ ವಿಜ್ಞಾನಿಗಳು ಕಂಡುಹಿಡಿದಾಗಿದೆ.’

ಹಳಬರ ನಂಬಿಕೆಯನ್ನು ಮೂಢನಂಬಿಕೆ ಎಂದು, ಹೊಸಬರ ಮಾತನ್ನು ವಿಜ್ಞಾನ ಎಂದು ಎಣಿಸುವುದು ನಮ್ಮಲ್ಲಿ ಓದಿದವರ ರೂಢಿ. ನನಗೆ ಈ ಎಣಿಕೆ ತಲೆಕೆಳಗಾದಂತೆ ಕಾಣುತ್ತದೆ. ಹಳಬರು ಕೇಳುವ ಪ್ರಶ್ನೆಗಳಲ್ಲಿ (ಯಾವ ಮರದ ಮೇಲಿನದು, ಹಸಿಯೋ ಒಣಗಿದ್ದೋ, ಎಷ್ಟು ಬಲಿತದ್ದು) ಪರೀಕ್ಷೆಗೆ ಒಡ್ಡಬಹುದಾದ ಸಂಗತಿ ಇದೆ. ಹೊಸಬರು ಹಿಡಿದು ತೋರಿಸುವ ರಚನೆಯ ಚಿತ್ರದಲ್ಲಿ, ಅವರು ಅಂದುಕೊಂಡಿರುವ ಸಾಕ್ಷ್ಯ ಇಲ್ಲ.

ಮೊದಲು ಆ ಚಿತ್ರ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಪಾಲಿಸ್ಯಾಕರೈಡ್ ಎಂದರೆ ಗ್ಲೂಕೋಸ್, ಗ್ಯಾಲಕ್ಟೋಸ್, ಅರಾಬಿನೋಸ್‌ನಂಥ ಚಿಕ್ಕ ಸಕ್ಕರೆಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿ. ಒಣಗಿಸಿದ ಕಾಂಡದ ಪುಡಿಯನ್ನು ಬಿಸಿನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಸೋಸಿ, ಬತ್ತಿಸುತ್ತಾರೆ. ಆ ಮಂದ ದ್ರವಕ್ಕೆ ಮೂರು ನಾಲ್ಕು ಪಟ್ಟು ಆಲ್ಕೋಹಾಲ್ ಸುರಿದರೆ ಬೆಳ್ಳಗಿನ, ಎಳೆ ಎಳೆಯಾದ ಗಸಿ ಕೆಳಗಿಳಿಯುತ್ತದೆ. ಕ್ಲೋರೋಫಾರ್ಮ್ ಮತ್ತು ಬ್ಯುಟನಾಲ್ ಹಾಕಿ ಕುಲುಕಿ ಪ್ರೋಟೀನು ತೆಗೆಯುತ್ತಾರೆ. ಡಯಾಲಿಸಿಸ್ ಚೀಲಕ್ಕೆ ತುಂಬಿ ನೀರಿನಲ್ಲಿ ಇಳಿಬಿಟ್ಟರೆ ಚಿಕ್ಕ ಅಣುಗಳು ಹೊರಗೆ ಹೋಗುತ್ತವೆ. ಉಳಿದದ್ದನ್ನು ಕಾಲಂಗೆ ಹಾಕಿ, ಉಪ್ಪಿನ ನೀರು ಹಾಯಿಸಿ, ಕೊಳವೆ ಕೊಳವೆಯಾಗಿ ಹಿಡಿಯುತ್ತಾರೆ. ಪ್ರತಿ ಕೊಳವೆಯಿಂದ ಒಂದಿಷ್ಟು ತೆಗೆದು ಫೀನಾಲ್, ಗಂಧಕಾಮ್ಲ ಬೆರೆಸಿದಾಗ ಸಕ್ಕರೆ ಇದ್ದಲ್ಲಿ ಕಿತ್ತಳೆ ಬಣ್ಣ ಬರುತ್ತದೆ. ಇದು 1956ರಿಂದ ಬಳಕೆಯಲ್ಲಿರುವ ಪರೀಕ್ಷೆ. ಬಣ್ಣ ಗಾಢವಾಗಿ ಬಂದ ಕೊಳವೆಗಳನ್ನು ಒಟ್ಟು ಮಾಡಿ, ಒಣಗಿಸಿ, ಅದಕ್ಕೊಂದು ಸಂಕೇತದ ಹೆಸರಿಡುತ್ತಾರೆ. ಮುಂದೆ ಆಮ್ಲದಲ್ಲಿ ಕುದಿಸಿ ಒಡೆದು ಯಾವ ಸಕ್ಕರೆ ಎಷ್ಟಿದೆ ಎಂದು ಅಳೆಯುವುದು, ಮೆಥಿಲೇಶನ್ ಮಾಡಿ ಯಾವ ಕೊಂಡಿ ಎಲ್ಲಿದೆ ಎಂದು ಊಹಿಸುವುದು, ಎನ್‌ಎಂಆರ್ ಯಂತ್ರದಲ್ಲಿ ಆ ಕೊಂಡಿಗಳನ್ನು ಖಚಿತಪಡಿಸಿಕೊಳ್ಳುವುದು.

ಇಷ್ಟು ಹೆಜ್ಜೆಗಳಲ್ಲಿ ಪ್ರತಿಯೊಂದೂ ಏನನ್ನೋ ಉಳಿಸಿಕೊಳ್ಳುತ್ತದೆ, ಏನನ್ನೋ ಚೆಲ್ಲುತ್ತದೆ. ಕೊನೆಗೆ ಕಾಗದದ ಮೇಲೆ ಬರುವ ರಚನೆ, ಬಳ್ಳಿಗೆ ಎಷ್ಟು ಸೇರಿದ್ದೋ ಈ ಹೆಜ್ಜೆಗಳಿಗೂ ಅಷ್ಟೇ ಸೇರಿದ್ದು. ಅಮೃತಬಳ್ಳಿಯ ವಿಷಯದಲ್ಲೇ ಇದು ಕಣ್ಣಿಗೆ ರಾಚುವಂತಿದೆ. 1999ರಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಒಣ ಕಾಂಡದಿಂದ ಅರಾಬಿನೋಗ್ಯಾಲಕ್ಟನ್ ಎಂಬ ಬಗೆಯ ಪಾಲಿಸ್ಯಾಕರೈಡ್ ಬೇರ್ಪಡಿಸಿದರು. ಅದರ ಸರಾಸರಿ ಅಣುತೂಕ ಸುಮಾರು 22 ಲಕ್ಷ. ಜಿ1-4ಎ ಎಂಬ ಹೆಸರಿನಲ್ಲಿ ಅದು ಮುಂದಿನ ಪ್ರಬಂಧಗಳಿಗೆ ಹೋಯಿತು. 2003ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಲ್ಲಿ ಇದೇ ಬಳ್ಳಿಯ ಪಾಲಿಸ್ಯಾಕರೈಡ್ ನೂರಕ್ಕೆ 98 ಪಾಲು ಬರೀ ಗ್ಲೂಕೋಸ್. ಅರಾಬಿನೋಸ್, ಗ್ಯಾಲಕ್ಟೋಸ್ ಎರಡೂ ಶೇಕಡಾ ಒಂದಕ್ಕಿಂತ ಕಡಿಮೆ. 2004ರಲ್ಲಿ ಅಮೆರಿಕದ ಮಯಾಮಿಯ ಸಂಶೋಧಕರು ವರದಿ ಮಾಡಿದ ಆರ್‌ಆರ್1 ಎಂಬುದು ಗ್ಲೂಕೋಸ್‌ನದೇ ಸರಪಳಿ: ಬೆನ್ನೆಲುಬು ಆಲ್ಫಾ-1,4 ಕೊಂಡಿಯದು, ಕವಲುಗಳು 1,6 ಕೊಂಡಿಯವು, ಅಣುತೂಕ ಐದೂವರೆ ಲಕ್ಷಕ್ಕೆ ಮೇಲೆ.

ಒಂದು ಬಳ್ಳಿ, ಮೂರು ಉತ್ತರ. ಇವರಲ್ಲಿ ಯಾರಾದರೂ ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ದಾರಿಯಲ್ಲಿ ಹೋದವರಿಗೆ ಬೇರೆ ಬೇರೆ ಭಾಗ ಸಿಕ್ಕಿದೆ. ಆದರೆ ‘ಅಮೃತಬಳ್ಳಿಯ ಪಾಲಿಸ್ಯಾಕರೈಡಿನ ರಚನೆ’ ಎಂದು ಏಕವಚನದಲ್ಲಿ ಹೇಳುವ ಜಾಹೀರಾತಿಗೆ ಈ ಮೂರರಲ್ಲಿ ಯಾವುದು ಬೇಕು? ಡಬ್ಬಿಯೊಳಗಿರುವುದು ಯಾವುದು?

ಆಲ್ಫಾ-1,4 ಬೆನ್ನೆಲುಬು, 1,6 ಕವಲು ಎಂಬ ವಿವರಣೆ ಪಿಯುಸಿಯಲ್ಲಿ ಜೀವರಸಾಯನ ಓದಿದವರಿಗೆ ಹೊಸದಲ್ಲ. ಪಿಷ್ಟದ ರಚನೆಯೂ ಅದೇ. ಅಕ್ಕಿಯಲ್ಲಿ, ರಾಗಿಯಲ್ಲಿ, ಆಲೂಗಡ್ಡೆಯಲ್ಲಿ ಇರುವುದು ಇದೇ ಬಗೆಯ ಸರಪಳಿ. ಬಳ್ಳಿಯಲ್ಲಿ ಪಿಷ್ಟ ಧಾರಾಳವಾಗಿದೆ ಎಂಬುದು ಆಯುರ್ವೇದ ಪಂಡಿತರಿಗೆ ಶತಮಾನಗಳಿಂದ ಗೊತ್ತು. ಹಸಿ ಕಾಂಡ ಜಜ್ಜಿ, ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕೈಯಲ್ಲಿ ಚೆನ್ನಾಗಿ ಹಿಸುಕಿ, ಬಟ್ಟೆಯಲ್ಲಿ ಸೋಸಿ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ನೀರು ಬಗ್ಗಿಸಿ, ಗಸಿ ಒಣಗಿಸಿದರೆ ಅಮೃತಬಳ್ಳಿ ಸತ್ವ. ಆ ಬಿಳಿ ಪುಡಿಯ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿಗೆ ತಿರುಗುತ್ತದೆ, ಹೈಸ್ಕೂಲಿನಲ್ಲಿ ಆಲೂಗಡ್ಡೆ ಹೋಳಿನ ಮೇಲೆ ಮಾಡಿ ತೋರಿಸುವ ಪ್ರಯೋಗದಂತೆಯೇ. ಹಳ್ಳಿಯವರು ಮದ್ದಿನ ಗುರುತು ಎಂದು ನಂಬುವ ಕಹಿಯ ಬಹುಪಾಲು ಬಗ್ಗಿಸಿ ಚೆಲ್ಲಿದ ನೀರಿನಲ್ಲಿ ಹೋಗಿರುತ್ತದೆ. ಕಹಿ ಕೊಡುವುದು ಚಿಕ್ಕ ಅಣುಗಳು, ಪಾಲಿಸ್ಯಾಕರೈಡ್‌ಗೆ ಕಹಿಯಿಲ್ಲ.

ಹಾಗಾಗಿ ‘ಬಳ್ಳಿಯಿಂದ ಹೊಸ ಗ್ಲೂಕನ್ ಬೇರ್ಪಡಿಸಿದೆವು’ ಎನ್ನುವವರಿಗೆ ಮೊದಲ ಪ್ರಶ್ನೆ: ಪಿಷ್ಟವನ್ನು ಅಮೈಲೇಸ್ ಕಿಣ್ವ ಹಾಕಿ ಕರಗಿಸಿ ತೆಗೆದಿದ್ದೀರಾ? ತೆಗೆದ ಮೇಲೂ ಉಳಿದದ್ದಿದ್ದರೆ ಅದು ಸುದ್ದಿ. ತೆಗೆಯದೆ ಬರೆದರೆ, ಅಕ್ಕಿಹಿಟ್ಟಿಗೂ ಅದೇ ರಚನೆ ಬರೆಯಬಹುದು. ಇನ್‌ಫ್ರಾರೆಡ್ ನಕ್ಷೆ ಲಗತ್ತಿಸಿ 3400ರ ಹತ್ತಿರ, 1030ರ ಹತ್ತಿರ ತಗ್ಗು ಬಂದಿದೆ, ಆದ್ದರಿಂದ ಇದು ಪಾಲಿಸ್ಯಾಕರೈಡ್ ಎಂದು ಬರೆಯುವ ಪ್ರಬಂಧಗಳು ನಮ್ಮಲ್ಲಿ ದಂಡಿಯಾಗಿವೆ. ಆ ತಗ್ಗುಗಳು ಯಾವ ಹಿಟ್ಟಿಗಾದರೂ ಬರುತ್ತವೆ.

ಇನ್ನು ಚಿತ್ರದ ಖಚಿತತೆಯ ಮಾತು. ಪ್ರೋಟೀನಿನ ರಚನೆ ಬರೆಯುವಾಗ ಅದರ ಹಿಂದೆ ಜೀನ್ ಎಂಬ ಮಾತೃಕೆ ಇರುತ್ತದೆ, ಪ್ರತಿ ಅಣುವೂ ಒಂದೇ ಪಾಠದಿಂದ ಅಚ್ಚಾದದ್ದು. ಪಾಲಿಸ್ಯಾಕರೈಡ್‌ಗೆ ಅಂಥ ಪಾಠವಿಲ್ಲ. ಕಿಣ್ವಗಳು ಸರಪಳಿ ಹೆಣೆಯುತ್ತಾ ಹೋಗುತ್ತವೆ. ಉದ್ದ ಬೇರೆ, ಕವಲು ಬೇರೆ, ಬೇಸಿಗೆಗೊಂದು ಮಳೆಗಾಲಕ್ಕೊಂದು. ಸಾಧ್ಯತೆಗಳ ಹರವು ಎಷ್ಟು ಎಂದು 1994ರಲ್ಲಿ ರೋಜರ್ ಲೇನ್ ಎಂಬ ರಸಾಯನತಜ್ಞ ಲೆಕ್ಕ ಹಾಕಿದರು: ಬರೀ ಆರು ಸಕ್ಕರೆಗಳನ್ನು ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಕೊಂಡಿಯಲ್ಲಿ, ಕವಲೊಡೆಸಿ ಜೋಡಿಸಿದರೆ ಒಂದು ಲಕ್ಷ ಕೋಟಿಗೂ ಹೆಚ್ಚು ರಚನೆಗಳು ಸಾಧ್ಯ. ಅಂದ ಮೇಲೆ ಸಾವಿರಾರು ಸಕ್ಕರೆಗಳ ಸರಪಳಿಗೆ ಆವರಣ ಚಿಹ್ನೆ ಹಾಕಿ, ಕೆಳಗೆ ಎನ್ ಎಂದು ಬರೆದ ‘ಪುನರಾವರ್ತಿತ ಘಟಕ’ ಯಾವ ಒಂದು ಅಣುವಿನ ಚಿತ್ರವೂ ಅಲ್ಲ. ಅದು ಸರಾಸರಿ. ಸರಾಸರಿಯನ್ನು ಸರಾಸರಿ ಎಂದು ಓದಿದರೆ ತೊಂದರೆಯಿಲ್ಲ, ಅದನ್ನೇ ಗುರುತಿನ ಚೀಟಿ ಎಂದು ಹಿಡಿದುಕೊಂಡು ಹೊರಟಾಗ ತೊಂದರೆ.

ಇಂಥ ವಸ್ತುವನ್ನು ಹೇಗೆ ಓದಬೇಕು ಎಂಬುದಕ್ಕೆ ಚಿತ್ರದುರ್ಗದವರು ದೂರ ಹೋಗಬೇಕಿಲ್ಲ. ಕೋಟೆಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಚಂದ್ರವಳ್ಳಿಯಲ್ಲಿ 1929ರ ಹೊತ್ತಿಗೆ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಉತ್ಖನನ ಮಾಡಿದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯನ್ನೂ ಅಗೆಸಿದರು. ಸಾತವಾಹನರ ನಾಣ್ಯ, ರೋಮಿನ ನಾಣ್ಯ, ಬಣ್ಣ ಬಳಿದ ಮಡಕೆ ಎಲ್ಲ ಸಿಕ್ಕ ಜಾಗ ಅದು. ಆದರೆ ವ್ಹೀಲರ್ ಹೆಚ್ಚುಗಾರಿಕೆ ವಸ್ತುಗಳನ್ನು ಹೊರತೆಗೆದದ್ದರಲ್ಲಿ ಇರಲಿಲ್ಲ. ಯಾವ ಚೂರು ಯಾವ ಪದರದಲ್ಲಿ, ಯಾವುದರ ಜೊತೆ, ಯಾವುದರ ಕೆಳಗೆ ಇತ್ತು ಎಂದು ದಾಖಲಿಸಿದ್ದರಲ್ಲಿತ್ತು. ಪಾಂಡಿಚೇರಿ ಬಳಿಯ ಅರಿಕಮೇಡಿನಲ್ಲಿ ಸಿಕ್ಕಂಥದೇ ಮಡಕೆ ಇಲ್ಲಿನ ಪದರದಲ್ಲೂ ಕಂಡಿದ್ದರಿಂದ ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ಒಂದು ಗೂಟ ಸಿಕ್ಕಿತು. ಪದರದ ದಾಖಲೆಯಿಲ್ಲದ ಮಡಕೆ ಚೂರನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಅದು ಇತಿಹಾಸ ಹೇಳುವುದಿಲ್ಲ.

ಔಷಧೀಯ ಸಸ್ಯಗಳ ಪಾಲಿಸ್ಯಾಕರೈಡ್ ಪ್ರಬಂಧಗಳಲ್ಲಿ ಈ ಪದರವೇ ಕಾಣೆ. ಬಳ್ಳಿ ಎಲ್ಲಿಂದ ಬಂತು ಎಂಬಲ್ಲಿ ‘ಸ್ಥಳೀಯ ಮಾರುಕಟ್ಟೆಯಿಂದ ಖರೀದಿಸಲಾಯಿತು’ ಎಂಬ ಒಂದು ಸಾಲು ಇರುತ್ತದೆ. ಯಾವ ತಿಂಗಳು, ಯಾವ ಮರದ ಮೇಲಿನದು, ಗಂಡು ಬಳ್ಳಿಯೋ ಹೆಣ್ಣು ಬಳ್ಳಿಯೋ, ಎಷ್ಟು ದಿನ ಒಣಗಿತ್ತು, ಗೋದಾಮಿನಲ್ಲಿ ಬೂಷ್ಟು ಹಿಡಿದಿತ್ತೇ, ಒಂದೂ ಗೊತ್ತಾಗುವುದಿಲ್ಲ. ಬೇವಿನ ಮರದ ಬಳ್ಳಿಯೇ ಬೇಕೆಂದು ಹಟ ಮಾಡುವ ಅಜ್ಜಿಯ ಮಾತು ನಿಜವೋ ಸುಳ್ಳೋ ನಂತರದ ಪ್ರಶ್ನೆ. ಕಾಂಡದ ಹುಟ್ಟು ಮುಖ್ಯ ಎಂಬ ಅರಿವು ಅವಳಿಗಿದೆ, ಪ್ರಯೋಗಾಲಯಕ್ಕಿಲ್ಲ.

ಗೋದಾಮಿನ ಬೂಷ್ಟಿನ ಮಾತು ಸುಮ್ಮನೆ ಬಂದದ್ದಲ್ಲ. ಬೂಷ್ಟು ಮಾತ್ರವಲ್ಲ, ಗಿಡದ ಒಳಗೂ ಹೊರಗೂ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅವುಗಳಲ್ಲಿ ಒಂದು ಗುಂಪಿನ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಅದೂ ಸಕ್ಕರೆ ಸರಪಳಿಯೇ, ತುದಿಗೆ ಕೊಬ್ಬು ಅಂಟಿಕೊಂಡದ್ದು. ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು, ಅಂದರೆ ನ್ಯಾನೋಗ್ರಾಂ ಲೆಕ್ಕದಲ್ಲಿ ಬಿದ್ದರೂ ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್ ಕೋಶಗಳು ಕೆರಳುತ್ತವೆ, ಇಲಿಯ ಬಿ-ಕೋಶಗಳು ಒಡೆದು ಹೆಚ್ಚುತ್ತವೆ. ಪಾಲಿಸ್ಯಾಕರೈಡ್ ಪ್ರಬಂಧಗಳಲ್ಲಿ ‘ರೋಗನಿರೋಧಕ ಚಟುವಟಿಕೆ’ ಎಂದು ಅಳೆಯುವುದು ಬಹುಪಾಲು ಇದೇ ಕೆರಳಿಕೆಯನ್ನು. ಬಿಸಿನೀರಿಗೆ ಎಂಡೋಟಾಕ್ಸಿನ್ ಜಗ್ಗುವುದಿಲ್ಲ. ಡಯಾಲಿಸಿಸ್ ಚೀಲದಿಂದ ಹೊರಗೂ ಹೋಗುವುದಿಲ್ಲ. 2008ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ತಂಡ, ರೋಗನಿರೋಧಕ ಶಕ್ತಿಗೆ ಹೆಸರಾದ ಕೆಲವು ಗಿಡಮೂಲಿಕೆಗಳ ಸಾರವನ್ನು ಪರೀಕ್ಷಿಸಿ, ಪ್ರಯೋಗಾಲಯದಲ್ಲಿ ಕಂಡ ಮ್ಯಾಕ್ರೋಫೇಜ್ ಪ್ರಚೋದನೆಯ ಹೆಚ್ಚಿನ ಪಾಲು ಬ್ಯಾಕ್ಟೀರಿಯಾಗಳ ಲೈಪೊಪ್ರೋಟೀನು ಮತ್ತು ಎಂಡೋಟಾಕ್ಸಿನ್‌ನಿಂದಲೇ ಬಂದದ್ದು ಎಂದು ತೋರಿಸಿತು. ಗಿಡದ ಲೆಕ್ಕಕ್ಕೆ ಬರೆದ ಪುಣ್ಯ, ಗಿಡದ ಮೈಮೇಲಿನ ಸೂಕ್ಷ್ಮಜೀವಿಗಳದಾಗಿತ್ತು.

ಈ ಬೆಳಕಿನಲ್ಲಿ 2007ರ ಒಂದು ಪ್ರಬಂಧ ಓದಬೇಕು. ಭಾಭಾ ಕೇಂದ್ರದವರ ಜಿ1-4ಎಯನ್ನು ಇಲಿಗಳಿಗೆ ಮೊದಲೇ ಕೊಟ್ಟಿದ್ದರೆ, ಆಮೇಲೆ ಎಂಡೋಟಾಕ್ಸಿನ್ ಕೊಟ್ಟಾಗ ಆಗುವ ಆಘಾತದಿಂದ ಅವು ಪಾರಾಗುತ್ತವೆ ಎಂಬುದು ಅದರ ಸಾರ. ಪ್ರಯೋಗ ಸ್ವಾರಸ್ಯಕರ. ಆದರೆ ಚಿಕ್ಕ ಪ್ರಮಾಣದ ಎಂಡೋಟಾಕ್ಸಿನ್ನನ್ನೇ ಮೊದಲು ಕೊಟ್ಟರೂ ಪ್ರಾಣಿಗಳಿಗೆ ಅಂಥದೇ ಸಹಿಷ್ಣುತೆ ಬರುತ್ತದೆ ಎಂಬುದು ರೋಗನಿರೋಧಶಾಸ್ತ್ರದ ಹಳೆಯ ಪಾಠ. ಆರ್‌ಆರ್1 ಕೆಲಸ ಮಾಡುವುದು ಟಿಎಲ್‌ಆರ್6 ಎಂಬ ಗ್ರಾಹಕದ ಮೂಲಕ ಎಂದು 2006ರಲ್ಲಿ ಬಂದ ಪ್ರಬಂಧ ಹೇಳಿತು. ಆ ಗ್ರಾಹಕದ ಪ್ರಸಿದ್ಧ ಕೆಲಸ ಬ್ಯಾಕ್ಟೀರಿಯಾಗಳ ಲೈಪೊಪ್ರೋಟೀನು ಗುರುತಿಸುವುದು. ಇದರಿಂದ ಆ ಫಲಿತಾಂಶಗಳು ಸುಳ್ಳಾಗುವುದಿಲ್ಲ. ಆದರೆ ಅನುಮಾನದ ಬೆರಳು ತೋರುವ ಕಡೆಯೇ ಪುರಾವೆ ಗಟ್ಟಿಯಾಗಿರಬೇಕು, ಮತ್ತು ರಚನೆಯ ಚಿತ್ರ ಅಂಥ ಪುರಾವೆಯಾಗದು. ಸಾವಿರಕ್ಕೆ ಒಂದರಷ್ಟು ಕಲಬೆರಕೆ ಎನ್‌ಎಂಆರ್ ನಕ್ಷೆಯಲ್ಲಿ ಸಾಮಾನ್ಯವಾಗಿ ತಲೆ ಎತ್ತುವುದಿಲ್ಲ, ಕೋಶವನ್ನು ಕೆರಳಿಸಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಇದೆಲ್ಲ ದಾಟಿದರೂ ಬಾಯಿ ಮತ್ತು ಹೊಟ್ಟೆಯ ಪ್ರಶ್ನೆ ಉಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಪಾಲಿಸ್ಯಾಕರೈಡ್ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ನಾವು ಕಷಾಯ ಕುಡಿಯುತ್ತೇವೆ. ಆಲ್ಫಾ-1,4 ಸರಪಳಿಯನ್ನು ಎಂಜಲಿನಲ್ಲಿರುವ ಅಮೈಲೇಸ್ ಕತ್ತರಿಸಲು ಶುರುಮಾಡುತ್ತದೆ, ಸಣ್ಣ ಕರುಳಿನಲ್ಲಿ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅಲ್ಲಿಗೆ ಅದರ ವಿಶೇಷ ರಚನೆಯ ಕಥೆ ಮುಗಿಯಿತು, ಊಟ ಮಾಡಿದ ಮುದ್ದೆಯ ಜೊತೆ ಅದೂ ಒಂದಾಯಿತು. ಜೀರ್ಣವಾಗದ ಅರಾಬಿನೋಗ್ಯಾಲಕ್ಟನ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಬಹುದು, ಅದರಿಂದ ದೇಹಕ್ಕೆ ಉಪಯೋಗವೂ ಆಗಬಹುದು. ಆದರೆ ಆ ಉಪಯೋಗ ನಾರಿನಂಶದ್ದು. ಸೊಪ್ಪು, ಕಾಳುಗಳಲ್ಲಿ ಬೇಕಾದಷ್ಟು ಸಿಗುವಂಥದು.

ಎದುರು ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಬೇಕು. ಸಕ್ಕರೆ ಸರಪಳಿಯ ರಚನೆ ತಿಳಿದಿದ್ದರಿಂದ ಜೀವ ಉಳಿದ ಉದಾಹರಣೆ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಒಂದು ಪಾಲಿಸ್ಯಾಕರೈಡ್. ಅದರ ಉದ್ದ ಸರಪಳಿಯಲ್ಲಿ ಕೆಲಸ ಮಾಡುವುದು ಐದು ಸಕ್ಕರೆಗಳ ಒಂದು ತುಣುಕು ಎಂದು ರಸಾಯನತಜ್ಞರು ಪತ್ತೆ ಮಾಡಿದರು. ಆ ತುಣುಕನ್ನೇ ಪ್ರಯೋಗಾಲಯದಲ್ಲಿ ಕಟ್ಟಿ ಫಾಂಡಪಾರಿನಕ್ಸ್ ಎಂಬ ಔಷಧವೂ ಬಂತು. 2008ರಲ್ಲಿ ಹೆಪಾರಿನ್‌ಗೆ ಬೇರೊಂದು ಅಗ್ಗದ ಸಕ್ಕರೆ ಸರಪಳಿ ಬೆರೆಸಿದ್ದರಿಂದ ಅಮೆರಿಕದಲ್ಲಿ ರೋಗಿಗಳು ಸತ್ತಾಗ, ಮಾಮೂಲಿ ಪರೀಕ್ಷೆಗಳಿಗೆ ಸಿಗದ ಆ ಕಲಬೆರಕೆಯನ್ನು ಹಿಡಿದುಕೊಟ್ಟ ವಿಧಾನಗಳಲ್ಲಿ ಎನ್‌ಎಂಆರ್ ಮುಖ್ಯವಾದದ್ದು. ಅಣಬೆಯಿಂದ ಬಂದ ಲೆಂಟಿನಾನ್ ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆ ಕೊಡುವ ಚುಚ್ಚುಮದ್ದಾಯಿತು. ರಚನೆ ನಿರುಪಯೋಗಿ ಎಂದು ಯಾರು ಹೇಳಿಯಾರು?

ನಾನು ಹೇಳುವುದಿಲ್ಲ. ಆದರೆ ಈ ಉದಾಹರಣೆಗಳು ಯಾವ ಕ್ರಮದಲ್ಲಿ ನಡೆದವು ನೋಡಿ. ಹೆಪಾರಿನ್ ರಕ್ತದಲ್ಲಿ ಕೆಲಸ ಮಾಡುತ್ತದೆ ಎಂಬುದು ಮೊದಲು ರೋಗಿಗಳ ಮೇಲೆಯೇ ಖಚಿತವಾಗಿತ್ತು. ‘ಯಾವ ಭಾಗದಿಂದ?’ ಎಂಬ ಪ್ರಶ್ನೆಗೆ ರಚನೆ ಉತ್ತರವಾಗಿ ಬಂತು. ಆ ಭಾಗ ತೆಗೆದರೆ ಕೆಲಸ ನಿಲ್ಲುತ್ತದೆ, ಇಟ್ಟರೆ ನಡೆಯುತ್ತದೆ ಎಂದು ತೋರಿಸಿದ ಮೇಲೆ ರಚನೆಗೆ ಬೆಲೆ ಬಂತು. ನಮ್ಮ ಗಿಡಮೂಲಿಕೆಗಳ ವಿಷಯದಲ್ಲಿ ಕ್ರಮ ಉಲ್ಟಾ: ರಚನೆ ಮೊದಲು, ಕೆಲಸ ಆಮೇಲೆ ಎಂದಾದರೂ.

ರಚನೆಗೆ ತಕ್ಕ ಬೆಲೆ ಎಲ್ಲಿ ಎಂಬುದಕ್ಕೆ ನಮ್ಮ ಒಣಗಾಡಿನ ದಿಂಡುಗದ ಮರವೂ ಸಾಕ್ಷಿ ಹೇಳುತ್ತದೆ. ಅದರ ತೊಗಟೆಗೆ ಗಾಯವಾದಲ್ಲಿ ಒಸರುವ ಅಂಟಿನ ರಚನೆಯನ್ನು 1950ರ ದಶಕದಲ್ಲೇ ಬ್ರಿಟನ್ನಿನ ಆಸ್ಪಿನಾಲ್ ಮತ್ತು ಸಂಗಡಿಗರು ಬಿಡಿಸಿದರು. ಅರಾಬಿನೋಸ್ 10, ಗ್ಯಾಲಕ್ಟೋಸ್ 6, ಮ್ಯಾನೋಸ್ 2, ಕ್ಸೈಲೋಸ್ 1, ಗ್ಲುಕ್ಯುರಾನಿಕ್ ಆಮ್ಲ 2 ಎಂಬ ಪ್ರಮಾಣ ಇಂದಿಗೂ ಪುಸ್ತಕಗಳಲ್ಲಿದೆ. ಎಣ್ಣೆ ನೀರನ್ನು ಬೆರೆಸಿ ಹಿಡಿದಿಡುವ ಅದರ ಗುಣ ಆಹಾರ ಉದ್ಯಮಕ್ಕೆ ಬೇಕು, ಆ ಗುಣ ರಚನೆಯಿಂದಲೇ ಬಂದದ್ದು. ಇಲ್ಲಿ ರಚನೆಯ ಮೇಲೆ ಹೇರಿದ ಭಾರ, ಅದು ಹೊರಬಲ್ಲಷ್ಟೇ.

ಶುದ್ಧೀಕರಣವೇ ಸತ್ಯದ ದಾರಿ ಎಂಬ ನಂಬಿಕೆಯನ್ನು ಅಲುಗಿಸುವ ಕೆಲಸ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲೇ ನಡೆದಿದೆ. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿನಿಂದ ಅಲ್ಲಿನವರು ಬೇರ್ಪಡಿಸಿದ ಪೆಕ್ಟಿನ್ ಜಾತಿಯ ಪಾಲಿಸ್ಯಾಕರೈಡ್ ಜಠರದ ಹುಣ್ಣು ತಡೆಯುತ್ತದೆ ಎಂದು 2007ರಲ್ಲಿ ಪ್ರಕಟಿಸಿದರು. ಅವರ ಪ್ರಬಂಧದ ತಿರುಳು, ಆ ಸರಪಳಿಗೆ ಫೀನಾಲ್ ಅಣುಗಳು ಅಂಟಿಕೊಂಡಿವೆ ಎಂಬುದು. ಸಕ್ಕರೆಯ ರಚನೆಯನ್ನಷ್ಟೇ ನೋಡುವವರು ಅವನ್ನು ಕೊಳೆ ಎಂದು ತೊಳೆದುಬಿಡುತ್ತಿದ್ದರು. ಹೊಟ್ಟೆಯೊಳಗಿನ ಗೋಡೆಯ ಮೇಲೆಯೇ ಕೆಲಸ ಮಾಡುವ ವಸ್ತುವಾದ್ದರಿಂದ ಅದು ರಕ್ತಕ್ಕೆ ಹೋಗಬೇಕಾದ ತೊಡಕೂ ಇಲ್ಲ. ಪ್ರಯೋಗ ಇಲಿಗಳ ಮೇಲಿನದು, ಮನುಷ್ಯರ ಮಾತು ಬೇರೆ. ಆದರೆ ಪ್ರಶ್ನೆ ಕೇಳಿದ ರೀತಿ ಸರಿಯಾಗಿದೆ.

ಇಷ್ಟು ತಕರಾರು ಯಾಕೆ, ಕುಡಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಆಗಿದೆ. 2021ರಲ್ಲಿ ಮುಂಬೈನ ಯಕೃತ್ ತಜ್ಞರು, ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ರೋಗಿಗಳ ವರದಿ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ಮಂದಿಯನ್ನು ದಾಖಲಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಕಾಂಡದ ಮೇಲೆ ಗಂಟು ಗಂಟಾಗಿರುವ ಇನ್ನೊಂದು ಜಾತಿಯ ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪು ತಿಳಿದು ಬಳಸಿರಬಹುದು ಎಂದಿತು. ಇಬ್ಬರಲ್ಲಿ ಯಾರು ಸರಿ ಎಂಬ ತೀರ್ಪು ಇಲ್ಲಿ ಬೇಡ. ಸಚಿವಾಲಯದ ಮಾತನ್ನೇ ಒಪ್ಪಿದರೂ, ಮಾರುಕಟ್ಟೆಯಿಂದ ತಂದ ಬಳ್ಳಿ ಯಾವುದೆಂದು ನಂಬುವಂತಿಲ್ಲ ಎಂದಾಯಿತು. ಹಾಗಾದರೆ ಅದೇ ಮಾರುಕಟ್ಟೆಯ ಕಾಂಡದಿಂದ ಬರೆದ ರಚನೆಗಳನ್ನು ಯಾವ ಧೈರ್ಯದ ಮೇಲೆ ನಂಬುವುದು? ರೋಗನಿರೋಧಕ ಶಕ್ತಿ ‘ಹೆಚ್ಚುವುದು’ ಎಲ್ಲರಿಗೂ ಒಳ್ಳೆಯದು ಎಂಬ ಎಣಿಕೆಯೂ ತಪ್ಪು. ತನ್ನ ದೇಹವನ್ನೇ ತಿನ್ನುವ ಆಟೊಇಮ್ಯೂನ್ ಕಾಯಿಲೆ ಇದ್ದವರಿಗೆ ಅದು ಬೇಡವಾದ ವರ.

ಚಿತ್ರದುರ್ಗದಲ್ಲಿ ಫಾರ್ಮಸಿ ಓದುವ ಹುಡುಗ ಹುಡುಗಿಯರಿದ್ದಾರೆ, ರಸಾಯನಶಾಸ್ತ್ರದ ವಿಭಾಗಗಳಿವೆ, ಊರಾಚೆ ಬೇಲಿ ಬೇಲಿಯಲ್ಲೂ ಬಳ್ಳಿಯಿದೆ. ಚಂದ್ರವಳ್ಳಿಯ ರಕ್ಷಿತ ಜಾಗದಲ್ಲೋ ಜೋಗಿಮಟ್ಟಿಯ ಕಾಡಿನಲ್ಲೋ ಕತ್ತಿ ಆಡಿಸಬೇಕಾಗಿಲ್ಲ, ಸುತ್ತಿನ ಹೊಲಗಳ ಬದುವೇ ಸಾಕು. ಬೇವಿನ ಮೇಲಿನ ಬಳ್ಳಿ, ಹೊಂಗೆಯ ಮೇಲಿನ ಬಳ್ಳಿ, ಕಳ್ಳಿ ಬೇಲಿಯ ಬಳ್ಳಿ ಬೇರೆ ಬೇರೆ ಕಟ್ಟಿಡಿ. ಬೇಸಿಗೆಯದು, ಮಳೆ ಮುಗಿದ ಮೇಲಿನದು ಬೇರೆ ಮಾಡಿ. ಪ್ರತಿಯೊಂದರ ಒಣ ಮಾದರಿಯನ್ನು ಹರ್ಬೇರಿಯಂನಲ್ಲಿ ಇಡಿ, ಮುಂದೆ ಯಾರಾದರೂ ಅನುಮಾನಿಸಿದರೆ ತೆಗೆದು ತೋರಿಸಲು. ಅಮೈಲೇಸ್ ಹಾಕಿ ಪಿಷ್ಟ ಕಳೆಯಿರಿ. ಎಂಡೋಟಾಕ್ಸಿನ್ ಎಷ್ಟಿದೆ ಎಂದು ಅಳೆದು ಅಂಕಿಯನ್ನು ಪ್ರಬಂಧದ ಮೊದಲ ಪುಟದಲ್ಲೇ ಹಾಕಿ. ಪಕ್ಕದಲ್ಲಿ ಹೋಲಿಕೆಗೆ ಅಕ್ಕಿಯ ಪಿಷ್ಟವನ್ನೂ ಇದೇ ಹೆಜ್ಜೆಗಳಲ್ಲಿ ಹಾಯಿಸಿ, ಅದೂ ಕೋಶಗಳನ್ನು ಕೆರಳಿಸುತ್ತದೆಯೇ ನೋಡಿ. ಇಷ್ಟಾದ ಮೇಲೆ ಉಳಿದದ್ದರ ರಚನೆ ಬಿಡಿಸಿ.

ಆಗ ಬೇವಿನ ಬಳ್ಳಿಯ ಬಗ್ಗೆ ಹಳಬರು ಹೇಳುವುದರಲ್ಲಿ ಹುರುಳಿದೆ ಎಂದು ಗೊತ್ತಾಗಬಹುದು, ಇಲ್ಲವೆಂದೂ ಗೊತ್ತಾಗಬಹುದು. ಪಿಷ್ಟ ಕಳೆದ ಮೇಲೆ ವಿಶೇಷವೇನೂ ಉಳಿಯಲಿಲ್ಲ ಎಂದೂ ಆಗಬಹುದು. ಹಾಗಾದರೆ ಕಷಾಯದ ಗುಣವನ್ನು ಕಹಿಯ ಚಿಕ್ಕ ಅಣುಗಳಲ್ಲಿ ಹುಡುಕಬೇಕು, ಅಪಾಯವನ್ನೂ ಅಲ್ಲೇ ಹುಡುಕಬೇಕು ಎಂಬ ದಾರಿ ತೆರೆಯುತ್ತದೆ. ‘ಏನೂ ಸಿಗಲಿಲ್ಲ’ ಎಂಬ ಪ್ರಬಂಧಕ್ಕೆ ಪದವಿ ಕೊಡುವಷ್ಟು, ಅದನ್ನು ಅಚ್ಚು ಹಾಕುವಷ್ಟು ನಮ್ಮ ಕಾಲೇಜುಗಳು, ಪತ್ರಿಕೆಗಳು ಗಟ್ಟಿಯಾಗುವ ತನಕ, ಡಬ್ಬಿಯ ಮೇಲೆ ಅಚ್ಚಾದ ‘ವೈಜ್ಞಾನಿಕವಾಗಿ ದೃಢಪಟ್ಟಿದೆ’ ಎಂಬ ಮಾತನ್ನು ಜಾಹೀರಾತು ಎಂದೇ ಓದಬೇಕು.